ಬಾಸ್ ಹಿಡಿದು ನಿಂತ ಮದುವೆಗಾಲ

ಮೊನ್ನೆ ನಮ್ಮ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ಸ್ವಾಗತಿಸುವ ಕಾರ್ಯಕ್ರಮವಿತ್ತು. ಪ್ರಿನ್ಸಿಪಾಲರು ದೀಪ ಹಚ್ಚಿದ ಕೂಡಲೇ ವೇದಿಕೆಯ ಎರಡೂ ಬದಿಗಳಿಂದ ಯಂತ್ರದ ಹೊಗೆ ಹೊರಬಿತ್ತು. ಮಕ್ಕಳು ಕಿರುಚಿದರು. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಹೊಗೆ ಅಲ್ಲಿಯವರೆಗೆ ಬರಲು ಅರ್ಧ ನಿಮಿಷ ಹಿಡಿಯಿತು. ಬಂದಾಗ ಅದರ ಜೊತೆ ಆ ವಾಸನೆಯೂ ಬಂತು. ಹೊಗೆಯ ದ್ರಾವಣದ ಕ್ಯಾನಿನ ಮೇಲೆ ಸ್ಟ್ರಾಬೆರಿ ಎಂದು ಬರೆದಿರುತ್ತಾರೆ. ಯಾವ ಹಣ್ಣಿಗೂ ಅಂಥ ವಾಸನೆ ಇಲ್ಲ. ಕೆಮ್ಮಿನ ಸಿರಪ್ಪನ್ನು ಕಾದ ಕಾವಲಿಯ ಮೇಲೆ ಸುರಿದರೆ ಏಳಬಹುದಾದ ಸಿಹಿ ನಾತ ಅದು. ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತೆ.

"ಎಂತಾಯ್ತು ಟೀಚರೇ?" ಎಂದು ರಸಾಯನಶಾಸ್ತ್ರದ ಸಹೋದ್ಯೋಗಿ ಹಿಂದೆಯೇ ಬಂದು ಕೇಳಿದರು.

"ಹೊಗೆ ಆಗುವುದಿಲ್ಲ" ಎಂದೆ. ಅದು ಸುಳ್ಳಲ್ಲ. ಉಳಿದದ್ದನ್ನು ನಾನು ಯಾರಿಗೂ ಹೇಳಿಲ್ಲ. ಆ ಹೊಗೆಯೊಳಗೆ ಕೈಯಲ್ಲಿ ಬಾಸ್ ಗಿಟಾರ್ ಹಿಡಿದುಕೊಂಡು ಒಂದು ಮದುವೆಗಾಲ ಪೂರ್ತಿ ನಾನು ನಿಂತಿದ್ದೆ.

ಎಂ.ಎಸ್ಸಿ. ಭೌತಶಾಸ್ತ್ರ ಮುಗಿಸಿ ಮಂಗಲ್ಪಾಡಿಯ ಮನೆಗೆ ಮರಳಿದ ವರ್ಷ ಅದು. ಕೆಲಸ ಸಿಕ್ಕಿರಲಿಲ್ಲ. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬಳ ಬಾಸ್ ಗಿಟಾರ್ ಇತ್ತು; ಎರಡು ವರ್ಷ ಅದರಲ್ಲೇ ಕಲಿತಿದ್ದೆ. ಮಾಮೂಲಿ ಗಿಟಾರಿಗಿಂತ ಉದ್ದದ ಕುತ್ತಿಗೆ, ದಪ್ಪ ನಾಲ್ಕು ತಂತಿ, ಕೆಳಗಿನ ಸ್ವರಗಳು ಮಾತ್ರ. ಎದುರು ನಿಂತು ಯಾರ ಕಣ್ಣಿಗೂ ಬೀಳುವುದು ನನಗೆ ಇಷ್ಟವಿಲ್ಲ. ಬಾಸ್ ಹಿಂದೆ ನಿಲ್ಲುವ ವಾದ್ಯ. ಇರುವಾಗ ಅದರ ಕಡೆ ಯಾರೂ ಗಮನ ಕೊಡುವುದಿಲ್ಲ, ನಿಂತುಹೋದರೆ ಮಾತ್ರ ಹಾಡಿನ ಅಡಿಯಿಂದ ನೆಲ ಸರಿದಂತಾಗುತ್ತದೆ. ನನ್ನ ಸ್ವಭಾವಕ್ಕೆ ಇದಕ್ಕಿಂತ ಹೊಂದುವ ವಾದ್ಯ ಇಲ್ಲ ಎಂದುಕೊಂಡಿದ್ದೆ.

ಉಪ್ಪಳದಲ್ಲಿ ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಸದಾನಂದಣ್ಣ ಮದುವೆ, ಔತಣಗಳಿಗೆ ಹಾಡುವ ಒಂದು ತಂಡವನ್ನೂ ನಡೆಸುತ್ತಿದ್ದರು. ಕೀಬೋರ್ಡ್ ಅವರದೇ. ಅವರಿಗೆ ಬಾಸ್ ನುಡಿಸುವವರು ಬೇಕು ಎಂದು ಕೇಳಿ ನಾನೇ ಹೋದೆ.

"ನುಡಿಸಿ ತೋರಿಸಬೇಕಾ?" ಎಂದು ಕೇಳಿದೆ.

"ಬೇಡ ಬೇಡ. ನೀನು ಯೂನಿವರ್ಸಿಟಿಯಲ್ಲಿ ಕಲಿತವಳು, ನಾನೆಂತ ನಿನ್ನನ್ನು ಪರೀಕ್ಷೆ ಮಾಡುದು? ಒಂದು ಸಲ ಹೆಗಲಿಗೆ ಹಾಕಿ ನಿಲ್ಲು. ಹಾಂ. ಸ್ವಲ್ಪ ಈಚೆ ತಿರುಗು. ನಗು ಮಾರಾಯ್ತಿ, ಎಂತ ಬ್ಯಾಂಕಿಗೆ ಫೋಟೋ ಕೊಡ್ಲಿಕ್ಕಾ?"

ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡರು. ಪರೀಕ್ಷೆ ಮಾಡದೇ ಇದ್ದುದನ್ನು ನಾನು ಮರ್ಯಾದೆ ಎಂದು ತಿಳಿದೆ.

ಸೀನಿಯರಿನ ಬಾಸನ್ನು ಹಿಂದಿರುಗಿಸಬೇಕಿತ್ತು. ಸ್ವಂತಕ್ಕೆ ಒಂದನ್ನು ಆರಿಸಲು ಡಿಸೆಂಬರಿನ ಮೂರು ಮಧ್ಯಾಹ್ನ ಬೋವಿಕಾನಕ್ಕೆ ಹೋದೆ. ಅಲ್ಲಿ ಲೂವಿಸ್ ಪೊರ್ಬುಗಳದೊಂದು ಕೋಣೆ ಇತ್ತು; ಪೊರ್ಬುಗಳು ಎಂದರೆ ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಕರೆಯುವುದು. ಒಂದು ಕಾಲದಲ್ಲಿ ಅವರೇ ಬಾಸ್ ನುಡಿಸುತ್ತಿದ್ದವರು. ಈಗ ಹಾರ್ಮೋನಿಯಂ, ಗಿಟಾರುಗಳನ್ನು ರಿಪೇರಿ ಮಾಡಿ ಹಳೆಯದನ್ನು ಮಾರುತ್ತಿದ್ದರು. ಗೋಡೆಯಲ್ಲಿ ಆರು ಬಾಸುಗಳು ತೂಗುತ್ತಿದ್ದವು. ನನ್ನ ಬಳಿ ಒಂದು ಪಟ್ಟಿ ಇತ್ತು: ತಂತಿ ನಾಲ್ಕೋ ಐದೋ, ಒಳಗೆ ಬ್ಯಾಟರಿ ಇರುವುದೋ ಇಲ್ಲದ್ದೋ, ಕುತ್ತಿಗೆಯ ಅಳತೆ ಎಷ್ಟು. ಪೊರ್ಬುಗಳು ಪಟ್ಟಿಯನ್ನು ನೋಡಲೇ ಇಲ್ಲ. ಒಂದನ್ನು ಇಳಿಸಿ ಕೊಟ್ಟರು.

"ಹೆಗಲಿಗೆ ಹಾಕು. ನುಡಿಸ್ಬೇಡ. ನಾನು ಊಟ ಮಾಡಿ ಬರುವವರೆಗೆ ಹೀಗೇ ನಿಂತಿರು."

ಒಂದು ಗಂಟೆ ನಿಂತೆ. ಅವರು ಬಂದು, ಹಲ್ಲಿನ ಸಂದಿನಲ್ಲಿ ನಾಲಗೆ ಆಡಿಸುತ್ತಾ, "ಎಲ್ಲಿ ನೋವು?" ಎಂದರು.

"ಎಡ ಹೆಗಲು. ಮತ್ತೆ ಕುತ್ತಿಗೆಯ ಕಡೆ ವಾಲುತ್ತದೆ, ಎಡಗೈಯಲ್ಲಿ ಎತ್ತಿ ಹಿಡಿಯಬೇಕಾಗುತ್ತದೆ."

"ಹಾಗಾದ್ರೆ ಅದು ಬೇಡ. ಮದುವೆಯಲ್ಲಿ ಮೂರು ಗಂಟೆ ನಿಲ್ಲಿಕ್ಕುಂಟು. ಎತ್ತಿ ಹಿಡಿಯುವ ಕೈ ನುಡಿಸುದು ಯಾವಾಗ? ನಾಳೆ ಬಾ, ಇನ್ನೊಂದು ಹಾಕುವ."

ಮೂರನೆಯ ದಿನ ಸಿಕ್ಕಿದ್ದು ಕಡು ಕಂದು ಬಣ್ಣದ್ದು. ನಾಲ್ಕು ತಂತಿ, ನನ್ನ ಕೈಗೆ ಎಟುಕುವಷ್ಟು ಗಿಡ್ಡ ಕುತ್ತಿಗೆ, ಬ್ಯಾಟರಿಯ ಹಂಗಿಲ್ಲ. ಹಿಂದೆ ಯಾವುದೋ ಇಗರ್ಜಿಯಲ್ಲಿ ಇದ್ದದ್ದಂತೆ. ಒಂದು ಗಂಟೆ ನಿಂತರೂ ಮೈಯ ಯಾವ ಭಾಗವೂ ದೂರಲಿಲ್ಲ. ಆಂಪಿಗೆ ಜೋಡಿಸಲು ಹೊರಟಾಗ ಪೊರ್ಬುಗಳು ತಡೆದರು.

"ಕರೆಂಟಿಗೆ ಕೊಡುವ ಮೊದಲು ಮರಕ್ಕೆ ಕಿವಿ ಇಡ್ಬೇಕು ಮಗಾ. ಮರ ಸುಳ್ಳು ಹೇಳಿದ್ರೆ ಆಂಪು ಅದನ್ನೇ ಜೋರಾಗಿ ಹೇಳ್ತದೆ, ಅಷ್ಟೇ."

ಬಾಸಿನ ಮೇಲ್ಬದಿಯಲ್ಲಿ ಕೊಂಬಿನ ಹಾಗೆ ಚಾಚಿರುವ ಮರಕ್ಕೆ ಕಿವಿ ಒತ್ತಿ ದಪ್ಪ ತಂತಿಯನ್ನು ಮೀಟಿದೆ. ಹೊರಗೆ ಹೆಚ್ಚೆಂದರೆ ಒಂದು ಅಡಿ ದೂರ ಕೇಳುವ ಸದ್ದು ಕಿವಿಯ ಎಲುಬಿನಲ್ಲಿ ತುಂಬಿಕೊಂಡು ನಿಧಾನವಾಗಿ ಇಳಿಯಿತು. ಅದನ್ನೇ ತೆಗೆದುಕೊಂಡೆ. ಚಪ್ಪಟೆ ಸುತ್ತಿನ ತಂತಿ ಹಾಕಿಸಿದೆ. ಬೆವರು ಹೀರುವುದಿಲ್ಲ, ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುವುದಿಲ್ಲ. ಒಂದು ಕೈಯಲ್ಲಿ ಎತ್ತಬಹುದಾದ ಸಣ್ಣ ಆಂಪು, ಎರಡು ಕೇಬಲ್, ಅಗಲದ ಪಟ್ಟಿ. ಇನ್ನೊಂದು ಅಂಗೈಯಷ್ಟಗಲದ ಕಬ್ಬಿಣದ ಪೆಟ್ಟಿಗೆ: ಬಾಸಿನ ಸ್ವರವನ್ನು ಎರಡಾಗಿ ಕವಲೊಡೆಸಿ, ಒಂದನ್ನು ನನ್ನ ಆಂಪಿಗೂ ಇನ್ನೊಂದನ್ನು ಸೌಂಡ್ ನೋಡುವವರ ಮಿಕ್ಸರ್ ಮೂಲಕ ಮದುವೆ ಹಾಲಿನ ದೊಡ್ಡ ಸ್ಪೀಕರ್ ಬಾಕ್ಸುಗಳಿಗೂ ಕಳಿಸುವಂಥದ್ದು. ಆಂಪು ನನಗೆ ಕೇಳಿಸಲು, ಬಾಕ್ಸುಗಳು ಜನರಿಗೆ ಕೇಳಿಸಲು.

ಕಂದು ಬಣ್ಣ ನೋಡಿ ಸದಾನಂದಣ್ಣನ ಮುಖ ಬಾಡಿತು. "ಬಿಳಿ ಸಿಗ್ಲಿಲ್ವಾ? ಬಿಳಿಯಾದ್ರೆ ವಿಡಿಯೋದಲ್ಲಿ ಎದ್ದು ಕಾಣ್ತದೆ. ಇದು ಊಟದ ಬೆಂಚಿನ ಹಾಗೆ ಉಂಟಲ್ಲ."

"ಸ್ವರ ಚೆನ್ನಾಗಿದೆ."

"ಸ್ವರ ಇರ್ಲಿ" ಎಂದರು. ಮುಂದಿನ ಮದುವೆಗೆ ಹೋಗುವಾಗ ನನ್ನ ಆಂಪಿನ ಸುತ್ತ ನೀಲಿ ಲೈಟಿನ ಪಟ್ಟಿ ಅಂಟಿಸಿದ್ದರು.

ಡಿಸೆಂಬರಿನಿಂದ ಮೇ ಕೊನೆಯವರೆಗೆ ಮದುವೆಗಳು. ಇಲ್ಲಿ ಬಹುತೇಕ ಎಲ್ಲವೂ ಹಗಲಿನವು, ಊಟದ ಜೊತೆಗೇ ಹಾಡು. ಯಾವ ಹಾಲಿಗೆ ಹೋದರೂ ಕೈ ತೊಳೆಯುವ ಬೇಸಿನ್ನುಗಳ ಸಾಲು ವೇದಿಕೆಯ ಪಕ್ಕದ ಓಣಿಯಲ್ಲೇ ಇರುತ್ತಿತ್ತು. ಬಾಸಿನ ಚೀಲ ಇಡಲು ಅದೇ ಜಾಗ. ತುಪ್ಪ, ಮೊಸರು, ಅರಸಿನ ಕಲಸಿದ ನೀರು ಬೇಸಿನ್ನು ಕಟ್ಟಿಕೊಂಡು ಹೊರಗೆ ಹರಿದು ಚೀಲದ ಅಡಿಯನ್ನು ನೆನೆಸುತ್ತಿತ್ತು. ಕಾಗದದ ನ್ಯಾಪ್ಕಿನ್ ಮುಗಿದ ಮೇಲೆ ಜನ ವೇದಿಕೆಯ ಪರದೆಗೆ ಕೈ ಒರೆಸುತ್ತಿದ್ದರು. ರೇಷ್ಮೆ ಸೀರೆ, ಕೋಟು ಹಾಕಿದವರೇ. ನಾನು ಆ ಪರದೆಯ ಮುಂದೆ ನಿಲ್ಲುತ್ತಿದ್ದೆ. ಮದುಮಕ್ಕಳು ಒಳಗೆ ಬರುವಾಗ ಆ ಸಿಹಿ ಹೊಗೆ. ಅದು ಆರಿದ ಮೇಲೆ ಅಂಟಾಗಿ ಉಳಿಯುತ್ತಿತ್ತು: ತಂತಿಯ ಮೇಲೆ, ಕೇಬಲಿನ ಮೇಲೆ, ನನ್ನ ಹುಬ್ಬಿನ ಮೇಲೆ. ಮನೆಗೆ ಬಂದು ಸ್ಪಿರಿಟ್ ಹಚ್ಚಿ ಬಾಸನ್ನು ಒರೆಸುತ್ತಿದ್ದೆ. ಬಟ್ಟೆ ಹಳದಿಯಾಗುತ್ತಿತ್ತು. ವಾಸನೆ ಹೋಗುತ್ತಿರಲಿಲ್ಲ.

ಒಮ್ಮೆ, ಹಾಡಿನ ನಡುವೆಯೇ, ಹಲ್ಲು ಕಡ್ಡಿ ಆಡಿಸುತ್ತಾ ವೇದಿಕೆಗೆ ಮೊಣಕೈ ಊರಿ ನಿಂತ ಒಬ್ಬರು ಕೇಳಿದರು: "ಇದು ಹೆಣ್ಮಕ್ಕಳಿಗೆ ಭಾರ ಆಗುದಿಲ್ವಾ?" ನಾನು ಇಲ್ಲವೆಂದು ತಲೆ ಆಡಿಸಿದೆ. "ಅಲ್ಲ, ಸ್ವಲ್ಪ ಕೊಡಿ ನೋಡುವ" ಎಂದು ಬಿರಿಯಾನಿಯ ಕೈ ಚಾಚಿದರು.

ಹಾಗಿದ್ದೂ ನಾನು ಬಿಡಲಿಲ್ಲ. ಕಾರಣ ನನ್ನ ಒಂದು ನೋಟ್‌ಬುಕ್. ಪ್ರತಿ ಹಾಲಿಗೂ ಒಂದೊಂದು ಪುಟ. ಯಾವ ಹಾಲಿನಲ್ಲಿ ಯಾವ ಸ್ವರ ಗುಂಯ್‌ಗುಟ್ಟುತ್ತದೆ, ತಗಡಿನ ಮಾಡು ಎಲ್ಲಿ ನಡುಗುತ್ತದೆ, ಜನ ತುಂಬಿದ ಮೇಲೆ ಎಷ್ಟು ತಗ್ಗುತ್ತದೆ ಎಂದು ಬರೆದು, ಮುಂದಿನ ಸಲ ಬೆರಳಿನ ಒತ್ತಡ ಬದಲಿಸುತ್ತಿದ್ದೆ. ದೊಡ್ಡ ಬಾಕ್ಸುಗಳಿಂದ ಹೊರಟು ಹಿಂಗೋಡೆಗೆ ಬಡಿದು ಮರಳಿ ಬರುವ ಬಾಸನ್ನು ಕೇಳಿಸಿಕೊಳ್ಳುವಾಗ ನನಗೆ ನಾಚಿಕೆಯಾಗುವಷ್ಟು ಸಂತೋಷವಾಗುತ್ತಿತ್ತು. ಅಷ್ಟು ಜನ ಉಣ್ಣುತ್ತಾ, ಹರಟುತ್ತಾ ಇರುವಾಗ ಅವರ ಕುರ್ಚಿಗಳ ಅಡಿಯಲ್ಲಿ ನಾನು ಇದ್ದೇನೆ. ಅವರಿಗೆ ಅದು ಗೊತ್ತಿಲ್ಲ. ನನಗೆ ಬೇಕಾದದ್ದು ಅಷ್ಟೇ ಆಗಿತ್ತು.

ತಂಡದಲ್ಲಿ ಸೌಂಡ್ ನೋಡುತ್ತಿದ್ದವರು ಹಮೀದಿಚ್ಚ. ಮೃದು ಮಾತಿನವರು. ಮೂರು ಮನೆಮಾತಿನವರಿದ್ದ ತಂಡದಲ್ಲಿ ಕನ್ನಡವೇ ನಡುವಿನ ಭಾಷೆ. ಅವರ ಕನ್ನಡ ಎಲ್ಲರಿಗಿಂತ ವಿನಯದ್ದು. ಎರಡು ಹಾಡಿಗೊಮ್ಮೆ ದೂರದ ಮಿಕ್ಸರಿನ ಹಿಂದಿನಿಂದ ನನ್ನ ಕಡೆ ನೋಡಿ ಸನ್ನೆಯಲ್ಲಿ ಕೇಳುತ್ತಿದ್ದರು. ವಿರಾಮದಲ್ಲಿ ಹತ್ತಿರ ಬರುತ್ತಿದ್ದರು. "ಸಾಕಾ ತಂಗೀ? ಸ್ವಲ್ಪ ಏರಿಸ್ಬೇಕಾ?" ನಾನು ಒಂದಿಷ್ಟು ಎಂದರೆ ಹೋಗಿ ಗುಂಡಿ ತಿರುಗಿಸುತ್ತಿದ್ದರು. ನಾನು ಕೈ ಎತ್ತಿ ಸರಿಯಾಯಿತು ಎನ್ನುತ್ತಿದ್ದೆ.

ಹಾಡುವವರು ಪ್ರಮೀಳಕ್ಕ, ಐವತ್ತೈದು ದಾಟಿದವರು. ಅಂಗನವಾಡಿಯಲ್ಲಿ ದುಡಿದು, ಮಧ್ಯಾಹ್ನಗಳಲ್ಲಿ ನಾಲ್ಕು ಭಾಷೆಯಲ್ಲಿ ಹಾಡುತ್ತಿದ್ದರು. ಬಲಗಿವಿ ಕೇಳುತ್ತಿರಲಿಲ್ಲ. ವೇದಿಕೆ ಎಷ್ಟೇ ದೊಡ್ಡದಿರಲಿ, ಅವರು ನನ್ನ ಆಂಪಿಗೆ ತಾಗಿಕೊಂಡೇ ನಿಲ್ಲುವುದು, ಅದು ಎಡಗಡೆ ಬರುವ ಹಾಗೆ. ಅದರ ಮೇಲೆಯೇ ಅವರ ಕೈಚೀಲ, ನೀರಿನ ಬಾಟಲಿ, ಎಣ್ಣೆ ಒಸರುವ ಕಾಗದದಲ್ಲಿ ಸುತ್ತಿದ ಉಣ್ಣಿಯಪ್ಪ.

"ಅಕ್ಕಾ, ಇದರ ಮೇಲೆ ಎಣ್ಣೆಯದ್ದು ಇಡಬೇಡಿ."

"ನಿನ್ನ ಪೆಟ್ಟಿಗೆ ಬೆಚ್ಚಗುಂಟು ಮಾರಾಯ್ತಿ. ಉಣ್ಣಿಯಪ್ಪ ತಣಿಯುದಿಲ್ಲ. ನಿನಗೂ ಒಂದು ಉಂಟು, ಮುಖ ಹಾಗೆ ಮಾಡ್ಬೇಡ." ಎಣ್ಣೆಯ ಕಲೆಯನ್ನು ನಾನು ಪ್ರತಿ ಸಲ ಒರೆಸುತ್ತಿದ್ದೆ, ಅವರಿಗೆ ಕಾಣುವ ಹಾಗೆಯೇ.

ಏಪ್ರಿಲಿನಲ್ಲಿ ಕುಂಬ್ಡಾಜೆಯ ಕಡೆ ಒಂದು ಮದುವೆ. ಗುಡ್ಡದ ಮೇಲಿನ ಹಾಲ್. ಹೊರಗೆ ರಬ್ಬರ್ ತೋಟದಿಂದ ಹುಳಿ ವಾಸನೆ, ಒಳಗೆ ಹೊಗೆಯದ್ದು. ಮದುಮಕ್ಕಳು ಹಾರ ಬದಲಿಸಿದ ಕ್ಷಣ ಕಾಗದದ ಚೂರುಗಳನ್ನು ಎರಚುವ ಯಂತ್ರವನ್ನು ಯಾರೋ ವೇದಿಕೆಯ ಕಡೆಗೇ ತಿರುಗಿಸಿ ಹಚ್ಚಿಬಿಟ್ಟರು. ಬೆಳ್ಳಿ ಬಣ್ಣದ ಚೂರುಗಳು ನನ್ನ ಕೂದಲು, ಕತ್ತು, ತಂತಿಗಳ ಅಡಿ ಎಲ್ಲ ಕಡೆ ತುಂಬಿಕೊಂಡವು. ಹೊಗೆಯ ಅಂಟಿದ್ದರಿಂದ ಬೀಳಲಿಲ್ಲ. ಹಾಡು ನಡೆಯುತ್ತಿತ್ತು. ನುಡಿಸುವುದನ್ನು ನಿಲ್ಲಿಸಿ ಎರಡೂ ಕೈಯಿಂದ ಕಾಗದ ಕೀಳತೊಡಗಿದೆ.

ಬಾಸ್ ನಿಲ್ಲಲಿಲ್ಲ.

ನನ್ನ ಎರಡೂ ಕೈಗಳಲ್ಲಿ ಬೆಳ್ಳಿ ಚೂರುಗಳಿದ್ದವು. ದೊಡ್ಡ ಬಾಕ್ಸುಗಳಿಂದ ಬಾಸ್ ಬರುತ್ತಲೇ ಇತ್ತು. ತುಂಬಿ, ಶುದ್ಧವಾಗಿ, ಒಂದು ಸ್ವರವೂ ತಪ್ಪದೆ ಹೊರಟು, ಹಿಂಗೋಡೆಗೆ ಬಡಿದು ಮರಳಿ ಬರುತ್ತಿತ್ತು. ನಾನು ನಾಲ್ಕು ತಿಂಗಳಿನಿಂದ ಪ್ರೀತಿಯಿಂದ ಕೇಳಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಅದೇ ಸದ್ದು. ಸದಾನಂದಣ್ಣನ ಕೀಬೋರ್ಡಿನ ಪಕ್ಕ ಒಂದು ಪೆನ್‌ಡ್ರೈವ್ ಚುಚ್ಚಿರುವುದನ್ನು ಮೊದಲಿನಿಂದಲೂ ನೋಡಿದ್ದೆ. ಅದರಲ್ಲಿ ತಾಳ ಮಾತ್ರ ಇದೆ ಎಂದುಕೊಂಡಿದ್ದೆ.

ಊಟದ ಹೊತ್ತಿನಲ್ಲಿ ನನ್ನ ಕಬ್ಬಿಣದ ಪೆಟ್ಟಿಗೆಯಿಂದ ಹೊರಟ ಕೇಬಲನ್ನು ಕೈಯಲ್ಲಿ ಹಿಡಿದುಕೊಂಡು ಪರದೆಯ ಹಿಂದೆ ನಡೆದೆ. ಅದು ಮಿಕ್ಸರಿನ ಮೇಜಿನ ಅಡಿಯವರೆಗೆ ಹೋಗಿತ್ತು. ಅಲ್ಲಿ ಅಂದವಾಗಿ ಸುರುಳಿ ಸುತ್ತಿ ಇಟ್ಟಿದ್ದರು. ತುದಿಗೆ ತೇವ ತಾಗದಂತೆ ಪ್ಲಾಸ್ಟಿಕ್ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಮಿಕ್ಸರಿನ ಒಂದು ಗುಂಡಿಯ ಕೆಳಗೆ, ಬಿಳಿ ಟೇಪಿನ ಮೇಲೆ, ಹಮೀದಿಚ್ಚರ ಮುದ್ದಾದ ಅಕ್ಷರದಲ್ಲಿ "ಬಾಸ್ ತಂಗಿ" ಎಂದಿತ್ತು. ಅವರು ಎರಡು ಹಾಡಿಗೊಮ್ಮೆ ತಿರುಗಿಸುತ್ತಿದ್ದುದು ಆ ಗುಂಡಿಯನ್ನು. ಅದಕ್ಕೆ ಯಾವ ಕೇಬಲೂ ಜೋಡಿಸಿರಲಿಲ್ಲ.

ಆ ಪ್ಲಾಸ್ಟಿಕ್ಕನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ. ಸುಮ್ಮನೆ ಎಸೆದಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಅವರು ಅದನ್ನು ಜೋಪಾನ ಮಾಡಿದ್ದರು.

"ಇವತ್ತು ಹೇಗಿತ್ತು ತಂಗೀ?" ಹಮೀದಿಚ್ಚ ಕೈ ತೊಳೆದುಕೊಂಡು ಬಂದು ಕೇಳಿದರು. "ನಾನು ಒಂದು ಪಾಯಿಂಟ್ ಏರಿಸಿದ್ದೆ."

"ಸರಿ ಇತ್ತು" ಎಂದೆ.

ಅಲ್ಲೇ ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆ ಶುರುವಾದದ್ದು ಅಲ್ಲಿಂದ. ಮನೆಗೆ ಬಂದು ನೋಟ್‌ಬುಕ್ ತೆರೆದೆ. "ಜನ ತುಂಬಿದ ಮೇಲೆ ಬೆರಳು ಹಗುರ ಮಾಡಬೇಕು." "ಇಂದು ಹೆಚ್ಚು ತುಂಬಿ ಬಂತು, ತಂತಿ ಬದಲಿಸಿದ್ದು ಒಳ್ಳೆಯದಾಯಿತು." ಒಂದು ಯಂತ್ರದ ಸದ್ದಿಗೆ ಬರೆದ ಪ್ರೇಮಪತ್ರಗಳ ಹಾಗಿದ್ದವು. ನನಗೆ ಕಾಣಿಸಿಕೊಳ್ಳುವುದು ಬೇಡವಾಗಿತ್ತು, ಕೇಳಿಸಬೇಕಿತ್ತು. ಅವರಿಗೆ ಬೇಕಾದದ್ದು ಸರಿಯಾಗಿ ಅದರ ತಲೆಕೆಳಗು. ಬಿಳಿ ಬಾಸ್ ಯಾಕೆ, ನೀಲಿ ಲೈಟ್ ಯಾಕೆ, ಮೊದಲ ದಿನ ನುಡಿಸಿ ತೋರಿಸುವುದು ಯಾಕೆ ಬೇಡ, ಎಲ್ಲದಕ್ಕೂ ಉತ್ತರ ಒಟ್ಟಿಗೆ ಸಿಕ್ಕಿತು. ಮತ್ತೆ ಎರಡು ಮದುವೆಗಳಿಗೆ ಹೋದೆ. ನಿಂತೆ. ನಕ್ಕೆ ಕೂಡ.

ಮೇ ಕೊನೆಯಲ್ಲಿ ಮಂಗಲ್ಪಾಡಿಯಲ್ಲೇ ಒಂದು ಮದುವೆ. ಮಳೆ ಇನ್ನೂ ಬಂದಿರಲಿಲ್ಲ. ಆಕಾಶ ಮುಚ್ಚಿಕೊಂಡು ಕಡಲಿನ ಕಡೆಯಿಂದ ಗಾಳಿಯಿಲ್ಲದೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಬಾಸಿನ ಚೀಲದ ಒಳಗಿನ ಸ್ಪಂಜಿಗೆ ಬೂಷ್ಟು ಹಿಡಿದಿತ್ತು. ಆ ದಿನ ನಾನು ಒಂದು ಪ್ರಯೋಗ ಮಾಡಿದೆ. ಭೌತಶಾಸ್ತ್ರ ಓದಿದವಳ ದುರಹಂಕಾರ ಅದು: ಅಳೆದು ಸಾಬೀತುಪಡಿಸಬೇಕು. ಮದುಮಗಳ ಮನೆಯವರು ಮುಂಚೆಯೇ ಹೇಳಿಟ್ಟಿದ್ದ ಒಂದು ನಿಧಾನದ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಅರ್ಧ ಸ್ವರ ಮೇಲೆ ನುಡಿಸಿದೆ. ಸಂಗೀತ ಗೊತ್ತಿಲ್ಲದವರಿಗೂ ಹಲ್ಲು ಜುಮ್ಮೆನ್ನಬೇಕಾದ ತಪ್ಪು ಅದು. ನನ್ನ ಆಂಪಿನಲ್ಲಿ ಆ ವಿಕಾರ, ಬಾಕ್ಸುಗಳಲ್ಲಿ ಪೆನ್‌ಡ್ರೈವಿನ ಶುದ್ಧ ಬಾಸ್. ಸದಾನಂದಣ್ಣ ಕ್ಯಾಮರಾ ನೋಡಿ ನಗುತ್ತಿದ್ದರು. ಹಮೀದಿಚ್ಚ ದೂರದಿಂದ ಕೈ ಎತ್ತಿ ಸಾಕಾ ಎಂದು ಕೇಳಿದರು. ಊಟದ ಸಾಲಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಪ್ರಮೀಳಕ್ಕ ಮಾತ್ರ ತಪ್ಪಿದರು.

ಮೊದಲ ಸಾಲಿನಲ್ಲೇ ಅವರ ಧ್ವನಿ ಮೇಲಕ್ಕೆ ಜಾರಿತು, ಸರಿಪಡಿಸಿಕೊಳ್ಳಲು ಕೆಳಗಿಳಿಯಿತು, ಮತ್ತೆ ಮೇಲೆ ಹೋಯಿತು. ಎರಡನೆಯ ಚರಣದಲ್ಲಿ ಒಡೆಯಿತು. ಜನ ಈಗ ತಲೆ ಎತ್ತಿದರು. ಹಿಂದಿನ ಕುರ್ಚಿಗಳಿಂದ ಯಾರೋ ಬೆಕ್ಕಿನ ಹಾಗೆ ಕೂಗಿದರು, ಆ ಇಡೀ ಸಾಲು ನಕ್ಕಿತು. ಪ್ರಮೀಳಕ್ಕ ಹಾಡುತ್ತಲೇ ತಿರುಗಿದರು. ಸದಾನಂದಣ್ಣನ ಕಡೆಗಲ್ಲ. ನನ್ನ ಎಡಗೈಯನ್ನು ನೋಡಿದರು.

ಆಗ ನನಗೆ ಅರ್ಥವಾಯಿತು. ವೇದಿಕೆಯಲ್ಲಿ ಹಾಡುವವರಿಗೆ ತಮ್ಮ ಸ್ವರ ಕೇಳಲು ಇಡಬೇಕಾದ ಬಾಕ್ಸ್ ಒಂದೇ ಇತ್ತು, ಅದನ್ನು ಸದಾನಂದಣ್ಣ ತನ್ನ ಕಡೆ ತಿರುಗಿಸಿಕೊಂಡಿದ್ದರು. ಪ್ರಮೀಳಕ್ಕ ಎಡಗಿವಿಯನ್ನು ನನ್ನ ಆಂಪಿಗೆ ಕೊಟ್ಟು ನಿಲ್ಲುತ್ತಿದ್ದುದು ಉಣ್ಣಿಯಪ್ಪಕ್ಕಾಗಿ ಅಲ್ಲ. ಅರ್ಥವಾದ ಮೇಲೂ ನನ್ನ ಬೆರಳು ಸರಿಯಾದ ಜಾಗಕ್ಕೆ ಇಳಿಯಲು ಎರಡು ಸಾಲು ಹಿಡಿಯಿತು. ಅಷ್ಟರಲ್ಲಿ ಹಾಡು ಮುಗಿದಿತ್ತು.

ಮದುಮಗಳ ತಂದೆ ವೇದಿಕೆಗೆ ಬಂದು ಸದಾನಂದಣ್ಣನ ಕೈ ಕುಲುಕಿ, ನನ್ನ ಕಡೆ ತಿರುಗಿ, "ನಿಮ್ಮ ಗಿಟಾರ್ ಭಾರೀ ಲಾಯ್ಕಾಯ್ತು" ಎಂದರು. ಆಮೇಲೆ ಸ್ವರ ತಗ್ಗಿಸಿ, "ಹಾಡುವವರು ಮಾತ್ರ ಸ್ವಲ್ಪ…" ಎಂದು ಕೈ ತಿರುವಿದರು.

ಬೇಸಿನ್ನುಗಳ ಓಣಿಯಲ್ಲಿ, ಕೈ ತೊಳೆಯಲು ನಿಂತವರ ನಡುವೆಯೇ, ಸದಾನಂದಣ್ಣ ಪ್ರಮೀಳಕ್ಕನಿಗೆ ಹೇಳಿದರು: "ಇನ್ನೊಂದು ಕಿವಿಯೂ ಹೋಯ್ತು ಕಾಣ್ತದೆ ನಿನ್ನದು. ಇನ್ನು ಬರುದು ಬೇಡ ಪ್ರಮೀಳಾ. ಮಳೆ ಕಳೆದ ಮೇಲೆ ನೋಡುವ." ಪ್ರಮೀಳಕ್ಕ ವೇದಿಕೆಗೆ ಹತ್ತಿದರು. ಆಂಪಿನ ಮೇಲಿದ್ದ ಕೈಚೀಲ ತೆಗೆದುಕೊಂಡು, ಊಟ ಮಾಡದೆ ಹೊರಟರು. ನಾನು ಕೇಬಲ್ ಸುತ್ತುತ್ತಾ ನಿಂತಿದ್ದೆ. ಅವರು ಗೇಟು ದಾಟಿದ ಮೇಲೆ ನನಗೆ ಬಾಯಿ ಬಂತು.

"ತಪ್ಪು ನನ್ನದು. ನಾನು ಬೇಕೆಂದೇ ಅರ್ಧ ಸ್ವರ ಮೇಲೆ ನುಡಿಸಿದೆ."

ಸದಾನಂದಣ್ಣ ನನ್ನನ್ನು ಬೇಸರದಿಂದ ನೋಡಿದರು. "ನೀನು ಎಂತ ನುಡಿಸಿದ್ರೂ ಎಂತ ಆಗ್ಲಿಕ್ಕುಂಟು? ನಿನ್ನ ಲೈನೇ ಇಲ್ವಲ್ಲ."

ಅಷ್ಟು ಸಲೀಸಾಗಿ ಹೇಳಿದರು. ಹಮೀದಿಚ್ಚ ಬೇಸಿನ್ನಿನಲ್ಲಿ ತೇಲುತ್ತಿದ್ದ ಅನ್ನದ ಅಗುಳುಗಳನ್ನು ನೋಡುತ್ತಿದ್ದರು.

"ಅವರಿಗೆ ನನ್ನ ಆಂಪು ಕೇಳುತ್ತಿತ್ತು."

"ಆಂಪಾ? ಅದು ನಿನ್ನ ಸಮಾಧಾನಕ್ಕೆ ಇಟ್ಟದ್ದು ಮಾರಾಯ್ತಿ. ನೋಡು, ಹುಡುಗಿ ಒಬ್ಬಳು ಸಿಕ್ಕಿದ್ದಾಳೆ, ಹಾಡೂ ಪೆನ್‌ಡ್ರೈವಿನಲ್ಲೇ ಹಾಕುವ. ಅವಳು ಬಾಯಿ ಆಡಿಸಿದ್ರೆ ಸಾಕು. ಮತ್ತೆ ಈ ತಲೆನೋವೇ ಇಲ್ಲ. ನೀನು ಹೇಗೂ ಇರ್ತಿಯಲ್ಲ, ಜೋಡಿ ಚಂದ ಕಾಣ್ತದೆ."

ಓಣಿಯ ನೀರು ನನ್ನ ಚಪ್ಪಲಿಯೊಳಗೆ ಬಂದಿತ್ತು. ವೇದಿಕೆಗೆ ಹತ್ತಿ ಆಂಪಿನಿಂದ ನೀಲಿ ಲೈಟಿನ ಪಟ್ಟಿಯನ್ನು ಕಿತ್ತು ಅವರ ಕೀಬೋರ್ಡಿನ ಮೇಲೆ ಇಟ್ಟೆ. ಇಷ್ಟೇ ನಾನು ಮಾಡಿದ ಪ್ರತಿಭಟನೆ.

ಜೂನಿನ ಮೊದಲ ವಾರ ಮಳೆ ಹಿಡಿಯಿತು. ಬಾಸನ್ನು ಪೊರ್ಬುಗಳಿಗೇ ಮಾರಿಬಿಡುತ್ತೇನೆ ಎಂದು ಹೊರಟವಳು ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ರೈಲು ಹಳಿಯ ಪಕ್ಕದ ಪ್ರಮೀಳಕ್ಕನ ಮನೆಯ ಮುಂದೆ ನಿಂತೆ. ಅವರು ಜಗಲಿಯಲ್ಲಿ ಕೂತು ಬೂತಾಯಿ ಶುಚಿ ಮಾಡುತ್ತಿದ್ದರು.

"ಬಾ. ಕೊಡೆ ಅಲ್ಲೇ ಇಡು. ಮೀನು ಉಂಟು, ಮುಖ ಹಾಗೆ ಮಾಡ್ಬೇಡ."

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯಗಳನ್ನು ಹೇಳಿದೆ. ಕಾಗದದ ಚೂರು, ಪ್ಲಾಸ್ಟಿಕ್ ಕಟ್ಟಿದ ತುದಿ, ಪ್ರಯೋಗ. ಅವರು ಮೀನಿನ ತಲೆ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಲೈನ್ ಇಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು" ಎಂದರು. "ಎಲ್ಲರಿಗೂ ಗೊತ್ತಿತ್ತು."

"ಹೇಳಲಿಲ್ಲ ನೀವು."

"ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದೆ. ಆರು ವರ್ಷ ನಾನು ಗೋಡೆಗೆ ಹೊಡೆದು ಬರುವ ಸದ್ದು ಕೇಳಿ ಅಂದಾಜಿನಲ್ಲಿ ಹಾಡಿದ್ದು. ಈ ವರ್ಷ ಮಾತ್ರ ಕಾಲಡಿ ನೆಲ ಇತ್ತು." ಒಂದು ರೈಲು ಹೋಯಿತು. ಅದು ದಾಟಿದ ಮೇಲೆ ಕತ್ತಿಯನ್ನು ನನ್ನ ಕಡೆ ಆಡಿಸಿದರು. "ಆದ್ರೂ ನನಗೆ ಹೇಳಿ ಮಾಡ್ಬಹುದಿತ್ತಲ್ಲ ಮಾರಾಯ್ತಿ? ನಾನೂ ಅರ್ಧ ಸ್ವರ ಮೇಲೆ ಹಾಡ್ತಿದ್ದೆ. ನಾವಿಬ್ಬರು ಸರಿ, ಅವನ ಪೆನ್‌ಡ್ರೈವೇ ತಪ್ಪು ಅಂತ ಆಗ್ತಿತ್ತು. ಅವನ ಮುಖ ನೋಡ್ಬೇಕಿತ್ತು!"

ನಕ್ಕರು. ನನಗೆ ನಗಲಾಗಲಿಲ್ಲ.

"ಅದು ತಂದಿದ್ದೀಯಾ? ತೆಗಿ ನೋಡುವ."

"ಆಂಪು ತಂದಿಲ್ಲ. ಕೇಳುವುದಿಲ್ಲ." ಹೇಳಿದ ಮೇಲೆ ಪೊರ್ಬುಗಳು ನೆನಪಾದರು. "ಮರಕ್ಕೆ ಕಿವಿ ಇಟ್ಟರೆ ಕೇಳುತ್ತದೆ" ಎಂದೆ.

ಬಾಸನ್ನು ತೊಡೆಯ ಮೇಲಿಟ್ಟುಕೊಂಡು ಅವರ ಪಕ್ಕ ಕೂತೆ. ಅವರು ಮೀನಿನ ಹುರುಪೆ ಅಂಟಿದ ಎರಡೂ ಕೈಗಳನ್ನು ದೂರ ಹಿಡಿದು, ಬಾಗಿ, ಎಡಗಿವಿಯನ್ನು ಕಂದು ಮರಕ್ಕೆ ಒತ್ತಿದರು. ನಾನು ಆ ಹಾಡಿನ ಮೊದಲ ಸ್ವರವನ್ನು, ಸರಿಯಾದದ್ದನ್ನು, ಮೀಟಿದೆ. ಅವರು ಕಣ್ಣು ಮುಚ್ಚಿಕೊಂಡರು. ಸ್ವರ ಇಳಿದು ಮುಗಿಯುವವರೆಗೆ ಹಾಗೇ ಇದ್ದು, ಆಮೇಲೆ ತಟ್ಟನೆ ಮುಖ ಎತ್ತಿ ಮೂಗು ಸುಕ್ಕಿಸಿದರು.

"ಥೂ! ಇದರ ನಾತದ ಮುಂದೆ ನನ್ನ ಬೂತಾಯಿಯೇ ಅಡ್ಡಿಲ್ಲ. ಎಂತದು ಇದು?"

"ಹೊಗೆಯದ್ದು. ಎಷ್ಟು ಒರೆಸಿದರೂ ಹೋಗುವುದಿಲ್ಲ."

"ಹ್ಞೂಂ" ಎಂದರು. ಮೊಣಕೈಯಿಂದ ಕೂದಲು ಹಿಂದೆ ಸರಿಸಿ, ಉಸಿರು ಬಿಗಿಹಿಡಿದು, ಮತ್ತೆ ಕಿವಿ ಇಟ್ಟರು. "ನಾತ ಇರ್ಲಿ. ಆ ಸ್ವರ ಇನ್ನೊಮ್ಮೆ ಕೊಡು."